‘ನಮ’ ಮತ್ತು ‘ಎಂಕುಲು’: ಅಂತರರಾಷ್ಟ್ರೀಯ ಮಾನವ ಸಂಪನ್ಮೂಲ ಅಭಿವೃದ್ಧಿ ಸಂಶೋಧನೆಯ ಸಂಸ್ಕೃತಿ ಪರಿಕಲ್ಪನೆ – ಒಂದು ಭಾಷಾವೈಜ್ಞಾನಿಕ ವಿಮರ್ಶೆ

ಭಾಷಾವಿಜ್ಞಾನದಿಂದ ಎರವಲು ಹೋದ ಪಾರಿಭಾಷಿಕಗಳು ಅನ್ಯ ಶಿಸ್ತುಗಳಲ್ಲಿ ಹೊಸ ಅರ್ಥ ಪಡೆದುಕೊಳ್ಳುವುದು ಸಹಜವೇ. ಪದ ಮಾತ್ರ ಹೋಗಿ, ಅದಕ್ಕೆ ಅರ್ಥ ಕೊಟ್ಟ ಪರೀಕ್ಷಾಕ್ರಮವು ಇಲ್ಲಿಯೇ ಉಳಿದುಬಿಟ್ಟಾಗ ತೊಡಕು ಹುಟ್ಟುತ್ತದೆ. ಅಂತರರಾಷ್ಟ್ರೀಯ ಮಾನವ ಸಂಪನ್ಮೂಲ ಅಭಿವೃದ್ಧಿಯ ಸಂಶೋಧಕರು ಸಂಸ್ಕೃತಿಯನ್ನು ಕುರಿತು ಬರೆಯುವಾಗ ಪದೇ ಪದೇ ಬಳಸುವ ‘ಎಟಿಕ್’ ಮತ್ತು ‘ಎಮಿಕ್’ ಎಂಬ ಜೋಡಿ ಇಂಥದ್ದು. ಪ್ರಸ್ತುತ ಲೇಖನದಲ್ಲಿ ನಾವು ಮಂಡಿಸುವ ವಾದ ಒಂದೇ. ಈ ಸಂಶೋಧನೆಯು ಭಾಷೆಯನ್ನು ದತ್ತಾಂಶಕ್ಕೆ ಅಡ್ಡ ಬರುವ ಪರದೆಯೆಂದು ಭಾವಿಸಿ, ಭಾಷಾಂತರದ ಮೂಲಕ ಅದನ್ನು ಸರಿಸಲು ಯತ್ನಿಸುತ್ತದೆ. ಅದು ಅಳೆಯಬಯಸುವ ಸಂಗತಿಯಾದರೋ ಬಹುಮಟ್ಟಿಗೆ ಆ ಪರದೆಯ ನೇಯ್ಗೆಯಲ್ಲಿಯೇ ಇದೆ. ಇದನ್ನು ಪರಿಶೀಲಿಸಲು ಪಂಜದ ಆಸುಪಾಸು, ಎಂದರೆ ಸುಳ್ಯ, ಪುತ್ತೂರು, ಕಡಬ ತಾಲ್ಲೂಕುಗಳ ಭಾಗದ ಕೆಲಸದ ಮಾತನ್ನು ಆರಿಸಿಕೊಂಡಿದ್ದೇವೆ. ಇಲ್ಲಿ ಬರುವ ತುಳು, ಹವ್ಯಕ ಮತ್ತು ಕನ್ನಡದ ಉದಾಹರಣೆಗಳನ್ನು ವಿವರಣೆಗಾಗಿ ನಾವೇ ರಚಿಸಿದ್ದೇವೆ. ಈ ಭಾಗದ ಭಾಷಿಕರಿಗೆ ಅವು ನಿತ್ಯದ ಮಾತುಗಳು.

ಅಂಕ ಹುಟ್ಟಿದ ಬಗೆ

‘ಮಾನವ ಸಂಪನ್ಮೂಲ ಅಭಿವೃದ್ಧಿ’ ಎಂಬ ಹೆಸರು ಲೆನರ್ಡ್ ನಾಡ್ಲರ್ ಅವರ 1970ರ ಪುಸ್ತಕದ ಮೂಲಕ ಅಮೆರಿಕದಲ್ಲಿ ನೆಲೆಗೊಂಡಿತು. ಭಾರತದಲ್ಲಿ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರು ಅದೇ ದಶಕದ ನಡುವಿನಲ್ಲಿ ಲಾರ್ಸನ್ ಆಂಡ್ ಟೂಬ್ರೊ ಸಂಸ್ಥೆಗಾಗಿ ಮಾಡಿದ ಕೆಲಸದಿಂದ ಅದು ಇಲ್ಲಿಯೂ ಬೇರೂರಿತು. 1985ರಿಂದ 2020ರವರೆಗೆ ಕೇಂದ್ರದ ಶಿಕ್ಷಣ ಖಾತೆಗೇ ಆ ಹೆಸರಿತ್ತು. ಕನ್ನಡದಲ್ಲಿ ‘ಸಂಪನ್ಮೂಲ’ವೆಂದರೆ ನೀರು, ಅದಿರು, ಮರಮಟ್ಟುಗಳ ಸಾಲಿಗೆ ಸೇರುವ ಪದ, ಮೂವತ್ತೈದು ವರ್ಷ ನಮ್ಮ ಮಕ್ಕಳು ಆ ಸಾಲಿನಲ್ಲಿ ನಿಂತಿದ್ದರು ಎಂಬುದನ್ನು ಅನುವಾದದ ವಿದ್ಯಾರ್ಥಿಗಳಾದರೂ ಗಮನಿಸಬೇಕಿತ್ತು.

ಈ ಶಿಸ್ತು ದೇಶದ ಗಡಿ ದಾಟಿದಾಗ ಅದಕ್ಕೆ ಸಂಸ್ಕೃತಿಯ ಅಳತೆಗೋಲು ಬೇಕಾಯಿತು. ಸಿದ್ಧವಾಗಿ ದೊರೆತದ್ದು ಖೇರ್ಟ್ ಹಾಫ್‌ಸ್ಟೆಡ್ ಅವರ 1980ರ ಗ್ರಂಥ. 1967ರಿಂದ 1973ರ ನಡುವೆ ಐಬಿಎಂ ಸಂಸ್ಥೆಯ ನೌಕರರಿಂದ ಪಡೆದ ಒಂದು ಲಕ್ಷಕ್ಕೂ ಮೀರಿದ ಪ್ರಶ್ನಾವಳಿಗಳ ಆಧಾರದಲ್ಲಿ ಅವರು ನಲವತ್ತು ದೇಶಗಳಿಗೆ ಅಂಕ ಕೊಟ್ಟರು. ‘ಅಧಿಕಾರಾಂತರ’ದಲ್ಲಿ, ಎಂದರೆ ಅಧಿಕಾರದ ಅಸಮಾನ ಹಂಚಿಕೆಯನ್ನು ಕೆಳಗಿನವರು ಒಪ್ಪಿಕೊಳ್ಳುವ ಪ್ರಮಾಣದಲ್ಲಿ, ಭಾರತಕ್ಕೆ ಬಂದದ್ದು 77. ‘ವ್ಯಕ್ತಿನಿಷ್ಠತೆ’ಯಲ್ಲಿ 48. ಐಬಿಎಂ 1978ರಲ್ಲಿ ಭಾರತವನ್ನು ಬಿಟ್ಟು ಹೋಯಿತು. 77 ಮಾತ್ರ ಇಲ್ಲಿಯೇ ಉಳಿದುಕೊಂಡು ಇಂದಿಗೂ ನಮ್ಮ ನಿರ್ವಹಣಾಶಾಸ್ತ್ರದ ಪ್ರಬಂಧಗಳ ಎರಡನೆಯ ಅಧ್ಯಾಯದಲ್ಲಿ ವಾಸಿಸುತ್ತಿದೆ.

ಈ ಅಂಕಗಳ ಮೇಲಿನ ಸಂಖ್ಯಾಶಾಸ್ತ್ರೀಯ ಆಕ್ಷೇಪಗಳು ಪ್ರಸಿದ್ಧವಾದ್ದರಿಂದ ಅವುಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಬ್ರೆಂಡನ್ ಮ್ಯಾಕ್‌ಸ್ವೀನಿ 2002ರಲ್ಲಿ ತೋರಿಸಿಕೊಟ್ಟಂತೆ ಪಾಕಿಸ್ತಾನದ ಮೊದಲ ಸಮೀಕ್ಷೆಯಲ್ಲಿ ಉತ್ತರಿಸಿದವರು 37 ಜನ, ಎರಡನೆಯದರಲ್ಲಿ 70. ಹಾಫ್‌ಸ್ಟೆಡ್ ಅವರಿಗೆ ನ್ಯಾಯ ಸಲ್ಲಿಸಬೇಕಾದರೆ, ದೇಶದ ಅಂಕವನ್ನು ಒಬ್ಬ ವ್ಯಕ್ತಿಗೆ ಅನ್ವಯಿಸಬಾರದೆಂದು ಅವರೇ ಎಚ್ಚರಿಸಿದ್ದರು ಎಂಬುದನ್ನೂ ಹೇಳಬೇಕು. ನಮಗೆ ಮುಖ್ಯವಾದದ್ದು ಬೇರೆ. ಅಧಿಕಾರಾಂತರದ ಸೂಚ್ಯಂಕ ನಿಂತಿರುವುದು ಮೂರು ಪ್ರಶ್ನೆಗಳ ಮೇಲೆ: ಮೇಲಧಿಕಾರಿಯೊಡನೆ ಭಿನ್ನಾಭಿಪ್ರಾಯ ವ್ಯಕ್ತಪಡಿಸಲು ನೌಕರರು ಎಷ್ಟು ಸಲ ಹೆದರುತ್ತಾರೆ, ತಮ್ಮ ಮೇಲಧಿಕಾರಿ ಹೇಗೆ ತೀರ್ಮಾನ ಕೈಗೊಳ್ಳುತ್ತಾರೆ, ಎಂಥ ಮೇಲಧಿಕಾರಿ ತಮಗೆ ಇಷ್ಟ. ಮೂರೂ ಮಾತಿನ ಸಂದರ್ಭವನ್ನು ಕುರಿತವು. ಹಾಗಿದ್ದೂ ಉತ್ತರಿಸುವವನು ಆ ಮಾತನ್ನು ಯಾವ ಭಾಷೆಯಲ್ಲಿ, ಯಾವ ಸರ್ವನಾಮದಲ್ಲಿ ಆಡುತ್ತಾನೆಂಬುದು ಲೆಕ್ಕಕ್ಕೆ ಬರುವುದಿಲ್ಲ.

ಎರವಲು ಹೋದದ್ದು, ಉಳಿದದ್ದು

‘ಎಟಿಕ್’ ಮತ್ತು ‘ಎಮಿಕ್’ ಪದಗಳನ್ನು ಕೆನೆತ್ ಪೈಕ್ 1954ರಲ್ಲಿ ‘ಫೊನೆಟಿಕ್’, ‘ಫೊನೀಮಿಕ್’ ಎಂಬುವುಗಳ ಬಾಲದಿಂದ ಕತ್ತರಿಸಿಕೊಂಡರು. ಹೊರಗಿನವನ ವಿವರಣೆ ಎಟಿಕ್, ಒಳಗಿನವನ ನೋಟ ಎಮಿಕ್ ಎಂದು ಸಾಮಾನ್ಯವಾಗಿ ಪಾಠ ಹೇಳುತ್ತೇವೆ. ಇದು ಅರ್ಧ ಸತ್ಯ. ಧ್ವನಿಮಾ ಒಳಗಿನವನ ಅಭಿಪ್ರಾಯವಲ್ಲ, ವ್ಯತಿರೇಕ ಮತ್ತು ಪ್ರಸಾರಗಳ ಪರೀಕ್ಷೆಯಿಂದ ದೊರೆತ ಫಲ. ಕ್ ಮತ್ತು ಗ್ ಎಂಬ ಎರಡು ಧ್ವನಿಗಳನ್ನು ತೆಗೆದುಕೊಳ್ಳೋಣ. ಕನ್ನಡದಲ್ಲಿ ‘ಕಾಳಿ’ ಬೇರೆ, ‘ಗಾಳಿ’ ಬೇರೆ. ಆದ್ದರಿಂದ ಅವು ಎರಡು ಧ್ವನಿಮಾಗಳು. ತಮಿಳಿನ ದೇಶ್ಯ ಪದಗಳಲ್ಲಿ ಅವೇ ಧ್ವನಿಗಳು ಸ್ಥಾನವನ್ನು ಅನುಸರಿಸಿ ಬರುವ ಒಂದೇ ಧ್ವನಿಮಾದ ಎರಡು ರೂಪಗಳು. ಯಂತ್ರಕ್ಕೆ ಎರಡೂ ಕಡೆ ಕಾಣುವುದು ಒಂದೇ ಭೌತಿಕ ಸತ್ಯ. ಅದರ ಬೆಲೆ ಏನೆಂಬುದು ಆಯಾ ಭಾಷೆಯ ವ್ಯವಸ್ಥೆಯಲ್ಲಿ ನಿರ್ಧಾರವಾಗುತ್ತದೆ. ಎಟಿಕ್ ವಿವರಣೆ ಈ ಶೋಧದ ಮೊದಲ ಮೆಟ್ಟಿಲು; ಅಲ್ಲಿಯೇ ನಿಂತು ಎರಡು ಭಾಷೆಗಳನ್ನು ಹೋಲಿಸುವ ಭಾಷಾವಿಜ್ಞಾನಿಯನ್ನು ನಾವು ಗಂಭೀರವಾಗಿ ಪರಿಗಣಿಸುವುದಿಲ್ಲ.

1969ರಲ್ಲಿ ಜಾನ್ ಬೆರಿ ಈ ಜೋಡಿಯನ್ನು ಅಂತರ್‌ಸಾಂಸ್ಕೃತಿಕ ಮನೋವಿಜ್ಞಾನಕ್ಕೆ ಕೊಂಡೊಯ್ದಾಗ ಕ್ರಮ ಇನ್ನೂ ಜೀವಂತವಾಗಿತ್ತು. ಮೊದಲು ಹೊರಗಿನಿಂದ ಹೇರಿದ ಎಟಿಕ್, ಅನಂತರ ಆಯಾ ಸಮಾಜದ ಎಮಿಕ್, ಕೊನೆಗೆ ಅವೆರಡರಿಂದ ನಿಷ್ಪನ್ನವಾದ ಎಟಿಕ್ ಎಂಬ ಮೂರು ಹಂತಗಳ ಹಾದಿ ಅವರದು. ಮಾನವ ಸಂಪನ್ಮೂಲ ಅಭಿವೃದ್ಧಿಯ ಬಹುಪಾಲು ಹೋಲಿಕೆಯ ಅಧ್ಯಯನಗಳು ಮೊದಲ ಹಂತದಲ್ಲಿಯೇ ಬಿಡಾರ ಹೂಡಿವೆ. ನಡುವಿನ ಹಂತದ ಸ್ಥಾನದಲ್ಲಿ ಈಗ ಇರುವುದು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದ ಮರುಭಾಷಾಂತರ: ಪ್ರಶ್ನೆಯನ್ನು ಗುರಿಭಾಷೆಗೆ ತಂದು, ಮೂಲವನ್ನು ಕಾಣದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ, ಎರಡೂ ಸರಿಹೊಂದಿದರೆ ಪ್ರಶ್ನೆ ಸಿದ್ಧವೆಂದು ತಿಳಿಯುವುದು. ಇದು ಭಾಷಾಂತರಕಾರನ ನಿಷ್ಠೆಯನ್ನು ಪರೀಕ್ಷಿಸುತ್ತದೆ. ಗುರಿಭಾಷೆಯಲ್ಲಿ ಆ ಪದಕ್ಕೆ ಎದುರು ನಿಲ್ಲುವ ಪದ ಯಾವುದೆಂದು ಅದಕ್ಕೆ ತಿಳಿಯದು.

‘ಹೆದರಿಕೆ’ಯ ಪ್ರಶ್ನೆ

ಮೇಲಿನ ಮೂರು ಪ್ರಶ್ನೆಗಳಲ್ಲಿ ಮೊದಲನೆಯದನ್ನು ಕನ್ನಡಕ್ಕೆ ತರಲು ಹೊರಟರೆ ಈ ದೌರ್ಬಲ್ಯ ಗೋಚರವಾಗುತ್ತದೆ. ಮೇಲಿನವರ ಮಾತಿಗೆ ಅಲ್ಲವೆನ್ನಲು ತಡೆಯುವುದು ಯಾವುದು? ಹೆದರಿಕೆ, ಅಂಜಿಕೆ, ಅಳುಕು, ಸಂಕೋಚ, ಮರ್ಯಾದೆ, ದಾಕ್ಷಿಣ್ಯ: ಆರು ಪದಗಳಂತೂ ಕೂಡಲೇ ನಾಲಿಗೆಗೆ ಬರುತ್ತವೆ. ‘ಹೆದರುತ್ತಾರೆ’ ಎಂದು ಅನುವಾದಿಸಿದರೆ ಮರುಭಾಷಾಂತರದ ಪರೀಕ್ಷೆಯಲ್ಲಿ ಪೂರ್ಣಾಂಕ ಖಚಿತ. ಆದರೆ ಪಂಜದ ತೋಟವೊಂದರಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕೆ ಬರುತ್ತಿರುವವನಿಗೆ ಆ ಪ್ರಶ್ನೆ ಹಾಕಿದರೆ ‘ಹೆದರುವುದೆಂಥದ್ದು?’ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಅವನು ಹೆದರುವುದಿಲ್ಲ, ನಿಜ. ಹಾಗೆಂದು ಅಲ್ಲವೆಂದು ಹೇಳುತ್ತಾನೆಯೇ? ಅದೂ ಇಲ್ಲ. ಅವನನ್ನು ತಡೆಯುವುದು ದಾಕ್ಷಿಣ್ಯ.

ಇವು ಪರ್ಯಾಯ ಪದಗಳೇ, ಬೇರೆ ಬೇರೆ ಘಟಕಗಳೇ ಎಂದು ತಿಳಿಯಲು ಪ್ರಸಾರವನ್ನು ನೋಡಬೇಕು. ಅಂಜಿಕೆಯ ದಿಕ್ಕು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ. ತೋಟದ ಯಜಮಾನನಿಗೆ ತನ್ನ ಆಳಿನ ಅಂಜಿಕೆ ಎಂದರೆ ಅದು ವ್ಯಂಗ್ಯ, ಇಲ್ಲವೇ ಏನೋ ಗುಟ್ಟಿದೆ ಎಂಬ ಸೂಚನೆ. ದಾಕ್ಷಿಣ್ಯಕ್ಕೆ ಇಂಥ ನಿರ್ಬಂಧವಿಲ್ಲ. ‘ಅವ ಹಳೆಯ ಜನ, ಬೇಡ ಎನ್ನಲಿಕ್ಕೆ ದಾಕ್ಷಿಣ್ಯ’ ಎಂದು ಯಜಮಾನನೂ ಹೇಳುತ್ತಾನೆ, ಕೆಲಸದವನೂ ಹೇಳುತ್ತಾನೆ, ನೆರೆಯವನೂ ಹೇಳುತ್ತಾನೆ. ಎಂದರೆ ದಾಕ್ಷಿಣ್ಯವು ಅಧಿಕಾರದ ಅಂತರದಿಂದ ಹುಟ್ಟುವ ಭಾವವಲ್ಲ. ದೀರ್ಘಕಾಲದ ಕೊಡುಕೊಳುವಿಕೆಯ ಋಣದಿಂದ ಹುಟ್ಟುವ ತಡೆ. ತುಳು ಮಾತಿನಲ್ಲಿಯೂ ‘ಪೋಡಿಗೆ’ ಒಂದು ಕಡೆ, ‘ದಾಕ್ಷಿಣ್ಯ’ ಇನ್ನೊಂದು ಕಡೆ. ಪ್ರಶ್ನಾವಳಿ ಈ ಎರಡನ್ನೂ ಒಂದೇ ಮನೆಗೆ ತುಂಬಿ ‘ಅಧಿಕಾರಾಂತರ’ ಎಂದು ಚೀಟಿ ಅಂಟಿಸುತ್ತದೆ. ಕನ್ನಡದ ಕ್ ಮತ್ತು ಗ್‌ಗಳನ್ನು ತಮಿಳಿನ ಕಿವಿಯಿಂದ ಕೇಳಿದಂತೆ ಇದು.

ಭಿನ್ನಾಭಿಪ್ರಾಯದ ಅಭಿವ್ಯಕ್ತಿಯೂ ಹೀಗೆಯೇ. ಕರಾವಳಿ ಕನ್ನಡದ ‘ನೋಡುವ’, ತುಳುವಿನ ‘ತೂಕ’ ಎಂಬವು ವ್ಯಾಕರಣದಲ್ಲಿ ಇಬ್ಬರನ್ನೂ ಸೇರಿಸಿಕೊಳ್ಳುವ ಪ್ರೇರಣಾರ್ಥದ ರೂಪಗಳು. ಬಳಕೆಯಲ್ಲಿ, ಮೇಲಿನವರ ಪ್ರಸ್ತಾಪಕ್ಕೆ ತಕ್ಷಣ ಬರುವ ‘ನೋಡುವ’ ಎಂಬುದು ಬಹುತೇಕ ನಿರಾಕರಣೆ. ಪ್ರಸ್ತಾಪಿಸಿದವರಿಗೂ ಅದು ಗೊತ್ತು; ಅವರು ಎರಡನೆಯ ಸಲ ಕೇಳುವುದಿಲ್ಲ. ಭಿನ್ನಾಭಿಪ್ರಾಯ ವ್ಯಕ್ತವಾಗಿದೆ, ತಲುಪಿದೆ, ಫಲ ಕೊಟ್ಟಿದೆ. ಸಮೀಕ್ಷೆಯ ಹಾಳೆಯಲ್ಲಿ ಮಾತ್ರ ಅದು ಮೌನವೆಂದೇ ದಾಖಲಾಗುತ್ತದೆ.

ಯಾವ ‘ನಾವು’?

‘ಸಮೂಹನಿಷ್ಠತೆ’ಯ ವಿಷಯದಲ್ಲಿ ಸಮಸ್ಯೆ ಇನ್ನೂ ಆಳವಾದದ್ದು. 62 ಸಮಾಜಗಳ ಸುಮಾರು 17,000 ಮಧ್ಯಮ ಹಂತದ ವ್ಯವಸ್ಥಾಪಕರನ್ನು ಒಳಗೊಂಡು 2004ರಲ್ಲಿ ಪ್ರಕಟವಾದ ಗ್ಲೋಬ್ ಅಧ್ಯಯನವು ಇದನ್ನು ಸಾಂಸ್ಥಿಕ ಮತ್ತು ಒಳಗುಂಪಿನ ಸಮೂಹನಿಷ್ಠತೆಗಳೆಂದು ಎರಡಾಗಿ ಒಡೆದದ್ದು ನಿಜವಾದ ಮುನ್ನಡೆ. ಆದರೆ ಒಳಗುಂಪು ಯಾವುದೆಂಬುದನ್ನು ಅಲ್ಲಿಯೂ ಸಂಶೋಧಕರೇ ಮುಂಚಿತವಾಗಿ ಗೊತ್ತುಮಾಡಿದ್ದಾರೆ: ಕುಟುಂಬ ಮತ್ತು ಕೆಲಸದ ಸಂಸ್ಥೆ.

ಪಂಜದಲ್ಲಿ ತುಳು ಮತ್ತು ಅರೆಭಾಷೆ ಜೊತೆಜೊತೆಯಾಗಿ ನಡೆಯುತ್ತವೆ. ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿಗಳು ಮನೆಮನೆಗಳಲ್ಲಿವೆ. ಶಾಲೆ, ಕಚೇರಿ ಮತ್ತು ಲಿಖಿತ ವ್ಯವಹಾರ ಕನ್ನಡದ್ದು. ಇವುಗಳಲ್ಲಿ ಹಲವು ಭಾಷೆಗಳಿಗೆ ಇರುವ ಒಂದು ಭೇದ ಶಿಷ್ಟ ಕನ್ನಡಕ್ಕಿಲ್ಲ. ತುಳುವಿನಲ್ಲಿ ಕೇಳುಗನನ್ನು ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಲು’. ಹವ್ಯಕದಲ್ಲಿ ‘ನಾವು’ ಮತ್ತು ‘ಎಂಗೊ’. ಮಲಯಾಳ, ತಮಿಳುಗಳಲ್ಲಿಯೂ ಇದೇ ವ್ಯವಸ್ಥೆ. ಸಹಕಾರಿ ಸಂಘದ ಸದಸ್ಯನೊಬ್ಬ ಅದರ ವ್ಯವಸ್ಥಾಪಕರ ಎದುರು ನಿಂತು ‘ನಮ್ಮ ಸೊಸೈಟಿ’ ಎಂದರೆ ವ್ಯವಸ್ಥಾಪಕರೂ ಅದರೊಳಗೆ ಬಂದರು; ‘ಎಂಕ್ಲೆನ ಸೊಸೈಟಿ’ ಎಂದರೆ ಅವರು ಸಂಬಳದ ಮೇಲೆ ಬಂದ ಹೊರಗಿನವರಾದರು. ಪದದ ಮಟ್ಟದಲ್ಲಿ ಇದೊಂದು ಕನಿಷ್ಠ ಭೇದಕ ಯುಗ್ಮ. ಉಳಿದುದೆಲ್ಲ ಒಂದೇ, ಬದಲಾದದ್ದು ಸಮೂಹದ ಗಡಿ. ಮೇಲಾಗಿ ಈ ಗಡಿ ಸ್ಥಿರವಲ್ಲ. ಅದೇ ಸದಸ್ಯ ಸಂಜೆ ಪೇಟೆಯಲ್ಲಿ ಅಡಿಕೆ ವ್ಯಾಪಾರಿಯೊಡನೆ ಮಾತಾಡುವಾಗ ‘ಎಂಕ್ಲೆನ’ ಎಂಬುದರೊಳಗೆ ವ್ಯವಸ್ಥಾಪಕರನ್ನೂ ಸೇರಿಸಿಕೊಂಡು ವ್ಯಾಪಾರಿಯನ್ನು ಹೊರಗಿಡುತ್ತಾನೆ.

ಕನ್ನಡದಲ್ಲಿ ಅಚ್ಚಾದ ಪ್ರಶ್ನಾವಳಿಯ ‘ನಮ್ಮ ಸಂಸ್ಥೆ’ಗೆ ಈತ ಐದು ಅಂಕ ಕೊಟ್ಟರೆ ಅದು ಯಾವ ‘ನಮ್ಮ’? ಭಾಷಾಂತರ ನಿರ್ದುಷ್ಟವಾಗಿದ್ದರೂ ಉತ್ತರದ ಅರ್ಥ ಅನಿಶ್ಚಿತ. ಈತ ಸಮೂಹನಿಷ್ಠನೋ ಅಲ್ಲವೋ ಎಂಬ ಪ್ರಶ್ನೆಗಿಂತ, ಯಾರೆದುರು ಯಾರನ್ನು ಸೇರಿಸಿಕೊಂಡು ಮಾತಾಡುತ್ತಾನೆಂಬ ಪ್ರಶ್ನೆಗೆ ಉತ್ತರ ದೊರೆಯುವಂತಿದೆ, ಅದೂ ವ್ಯಾಕರಣದಲ್ಲಿಯೇ. (ಈ ಲೇಖನದ ‘ನಾವು’ ತುಳುವಿಗೆ ಹೋದರೆ ಯಾವ ರೂಪ ತಾಳಬೇಕೆಂಬುದನ್ನು ಓದುಗರು ತೀರ್ಮಾನಿಸಬಹುದು. ಕನ್ನಡವು ಲೇಖಕರಿಗೆ ಒದಗಿಸಿರುವ ಸೌಕರ್ಯಗಳಲ್ಲಿ ಇದೂ ಒಂದು.)

ಇಲ್ಲಿ ಇನ್ನೊಂದು ದಿಕ್ಕಿನ ಅಪಾಯವನ್ನೂ ಹೇಳಬೇಕು. ವ್ಯಾಕರಣದಿಂದ ನೇರವಾಗಿ ಸಂಸ್ಕೃತಿಗೆ ಜಿಗಿಯುವ ಚಾಳಿ ನಮ್ಮ ಶಿಸ್ತಿಗೂ ಹೊಸದಲ್ಲ. ಡಿ.ಎನ್. ಶಂಕರ ಭಟ್ಟರು 1971ರಲ್ಲಿ ವ್ಯಾಕರಣ ಬರೆದ ಹವ್ಯಕವನ್ನೇ ತೆಗೆದುಕೊಳ್ಳಬಹುದು. ದಕ್ಷಿಣ ಕನ್ನಡದ ಹವ್ಯಕದಲ್ಲಿ ಏಕವಚನದ ಸ್ತ್ರೀಲಿಂಗಕ್ಕೆ ಪ್ರತ್ಯೇಕ ರೂಪವಿಲ್ಲ. ‘ಅಬ್ಬೆ ಬಂತು’ ಎಂದೇ ಹೇಳಬೇಕು. ಹೆಂಗಸನ್ನು ನಪುಂಸಕದಲ್ಲಿ ಹೇಳುವ ಸಮುದಾಯ ಎಂದು ಷರಾ ಬರೆದು ಲಿಂಗಸಮಾನತೆಯ ಅಳತೆಪಟ್ಟಿಯಲ್ಲಿ ಅಂಕ ಕಳೆಯಲು ಹೊರಗಿನವರಿಗೆ ಇಷ್ಟು ಸಾಕು. ಆದರೆ ಈ ರೂಪ ಕಡ್ಡಾಯ. ಆಯ್ಕೆ ಇಲ್ಲದಲ್ಲಿ ವ್ಯತಿರೇಕವಿಲ್ಲ, ವ್ಯತಿರೇಕವಿಲ್ಲದಲ್ಲಿ ಆಡುವವನ ಮನೋಧರ್ಮದ ಸಾಕ್ಷ್ಯವೂ ಇಲ್ಲ. ಸಮುದಾಯದಲ್ಲಿ ಅಸಮಾನತೆ ಇಲ್ಲವೆಂದು ನಾವು ಹೇಳುತ್ತಿಲ್ಲ. ಅದನ್ನು ಈ ಪ್ರತ್ಯಯದಲ್ಲಿ ಹುಡುಕುವುದು ವ್ಯರ್ಥ ಎನ್ನುತ್ತಿದ್ದೇವೆ. ತುಳುವಿನ ‘ಈ ಬಲ’ ಮತ್ತು ‘ಈರ್ ಬಲೆ’ಗಳ ಸಂಗತಿ ಹಾಗಲ್ಲ. ಅಲ್ಲಿ ಆಡುವವನಿಗೆ ಆಯ್ಕೆಯಿದೆ. ಆರಿಸಿದ್ದಕ್ಕೆ ಅವನು ಹೊಣೆ.

ದೇಶವೆಂಬ ಘಟಕ

ಆಯ್ಕೆಯಿರುವ ಕಡೆ ಚರಿತ್ರೆಯೂ ಗುರುತು ಬಿಡುತ್ತದೆ. ಹಾಫ್‌ಸ್ಟೆಡ್ ಅವರ ದತ್ತಾಂಶ ಸಂಗ್ರಹ ಮುಗಿದ ಮರುವರ್ಷ, 1974ರ ಮಾರ್ಚ್ 1ರಿಂದ, ಕರ್ನಾಟಕದ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂದಿತು. ಗೇಣಿದಾರರಿಂದ ಅತಿಹೆಚ್ಚು ಅರ್ಜಿಗಳು ಬಂದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಇಲ್ಲಿಯ ಜನ ಅದನ್ನು ಇಂದಿಗೂ ‘ಡಿಕ್ಲರೇಷನ್’ ಎಂದೇ ಕರೆಯುತ್ತಾರೆ. ಧಣಿಯ ಮನೆಯ ಎಳೆಯರು ಚಾಲಗೇಣಿಯ ಹಿರಿಯ ಒಕ್ಕಲನ್ನು ‘ಈ’ ಎನ್ನುತ್ತಿದ್ದುದು, ಜಾಗ ಒಕ್ಕಲಿನ ಹೆಸರಿಗಾದ ಮೇಲೆ ಆ ‘ಈ’ ತಡವರಿಸತೊಡಗಿದ್ದು ಹಿರಿಯರ ನೆನಪಿನ ಮಾತು. ಕೆಲವರು ಸರ್ವನಾಮವನ್ನೇ ತಪ್ಪಿಸಿ ‘ಗೌಡ್ರೆ’, ‘ಶೆಟ್ರೆ’ ಎಂಬ ಸಂಬೋಧನೆಗೆ ಹೊರಳಿದರು. ಕಾಯಿದೆಯೊಂದು ಅಧಿಕಾರದ ಅಂತರವನ್ನು ಒಂದೇ ತಲೆಮಾರಿನಲ್ಲಿ ಮಾತಿನೊಳಗೆ ಅಲುಗಾಡಿಸಿದ್ದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ದೊರೆಯುವುದು ಕಷ್ಟ. ದೇಶದ ಅಂಕ ಮಾತ್ರ 77ರಲ್ಲಿಯೇ ನಿಂತಿತ್ತು.

ಇದೇ ಭಾಗದ ರಬ್ಬರ್ ತೋಟಗಳು ‘ದೇಶವೆಂದರೆ ಸಂಸ್ಕೃತಿ’ ಎಂಬ ಸಮೀಕರಣಕ್ಕೆ ಇನ್ನೂ ಕಠಿಣ ಪರೀಕ್ಷೆ. 1964ರ ಅಕ್ಟೋಬರ್ 30ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಸಿಲೋನಿನಲ್ಲಿದ್ದ ಭಾರತ ಮೂಲದ 5,25,000 ಜನರನ್ನು ಭಾರತಕ್ಕೆ ಮರಳಿಸುವುದೆಂದೂ 3,00,000 ಜನರಿಗೆ ಅಲ್ಲಿಯೇ ಪೌರತ್ವ ಕೊಡುವುದೆಂದೂ ತೀರ್ಮಾನವಾಯಿತು. ಹಾಗೆ ಬಂದ ಕುಟುಂಬಗಳಲ್ಲಿ ಕೆಲವಕ್ಕೆ ಸುಳ್ಯ ಮತ್ತು ಪುತ್ತೂರು ಭಾಗದಲ್ಲಿ, ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಮತ್ತು ನೆಲೆ ದೊರೆಯಿತು. ಎರಡು ಸರಕಾರಗಳು ಕುಳಿತು ಶ್ರಮಿಕರ ಸಂಖ್ಯೆಯನ್ನು ಹಂಚಿಕೊಂಡ ಈ ಪ್ರಕರಣ ಅಕ್ಷರಶಃ ಅಂತರರಾಷ್ಟ್ರೀಯ ಮಾನವ ಸಂಪನ್ಮೂಲದ ವ್ಯವಹಾರವೇ. ಆ ಶಿಸ್ತಿನ ಪಠ್ಯಗಳಲ್ಲಿ ಇದಕ್ಕೆ ಸ್ಥಳ ಸಿಗದಿರುವುದು ಆಶ್ಚರ್ಯವೇನಲ್ಲ, ಅಲ್ಲಿ ‘ಅಂತರರಾಷ್ಟ್ರೀಯ’ ಎಂಬುದು ವಿಮಾನದಲ್ಲಿ ಹೋಗುವ ವ್ಯವಸ್ಥಾಪಕನಿಗೆ ಮೀಸಲಾದ ವಿಶೇಷಣ. ಈ ಶ್ರಮಿಕರು ಸಿಂಹಳ ದೇಶದಲ್ಲಿ ಹುಟ್ಟಿ, ಭಾರತದ ಪೌರರಾಗಿ, ಮನೆಯಲ್ಲಿ ತಮಿಳು, ನಿಗಮದ ಕಚೇರಿಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಕೇಳುತ್ತ ಬಾಳಿದವರು. ಸಿಲೋನಿನ ತೋಟಗಳ ‘ದೊರೈ’ ಮತ್ತು ‘ಕಂಗಾಣಿ’ಗಳ ಶ್ರೇಣಿಯನ್ನು ಅವರು ಬಲ್ಲರು, ಇಲ್ಲಿಯ ‘ಧಣಿ’ ಅವರ ಅನುಭವಕ್ಕೆ ಸೇರಿದವನಲ್ಲ. ಭಾರತದ 77 ಇವರಿಗೆ ಯಾವ ದಿನದಿಂದ ಅನ್ವಯಿಸುತ್ತದೆ? ಹಡಗು ಇಳಿದ ದಿನದಿಂದಲೇ? ಶ್ರೀಲಂಕಾದ ಅಂಕವನ್ನು ಬಳಸೋಣವೆಂದರೆ 1980ರ ನಲವತ್ತು ದೇಶಗಳಲ್ಲಿ ಶ್ರೀಲಂಕಾ ಇಲ್ಲ.

ಪಣಕ್ಕಿರುವುದು

ಇದು ಪರಿಭಾಷೆಯ ಜಗಳ ಮಾತ್ರವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಸಂಸ್ಕೃತಿಯ ಅಂಕ ತರಬೇತಿಯ ಯೋಜನೆಯಾಗಿ ಇಳಿದು ಬರುತ್ತದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ‘ಫ್ರೆಂಡ್ಸ್ ಆಫ್ ಕೋಕೊನಟ್ ಟ್ರೀ’ ತರಬೇತಿಯಲ್ಲಿ ಮರ ಹತ್ತುವ ಯಂತ್ರದ ಪಾಠದೊಡನೆ ಸಂವಹನ, ನಾಯಕತ್ವಗಳ ಪಾಠವೂ ಸೇರಿದೆ. ಆ ಕಾರ್ಯಕ್ರಮದ ಮೇಲೆ ನಮ್ಮ ಆಕ್ಷೇಪವಿಲ್ಲ. ಮರದ ತುದಿಯವರೆಗೂ ಈ ಶಿಸ್ತಿನ ಕೈ ಚಾಚಿದೆ ಎಂಬುದನ್ನು ಸೂಚಿಸಲು ಇದನ್ನು ಹೇಳಿದ್ದೇವೆ. ಭಾರತೀಯ ಶ್ರಮಿಕ ಮೇಲಿನವರಿಗೆ ಅಂಜುತ್ತಾನೆ, ಅಭಿಪ್ರಾಯ ಹೇಳುವುದಿಲ್ಲ ಎಂಬ ಪೂರ್ವನಿರ್ಣಯದಿಂದ ಹೊರಟ ತರಬೇತಿ, ‘ನೋಡುವ’ ಎಂದವನನ್ನು ಆತ್ಮವಿಶ್ವಾಸವಿಲ್ಲದವನೆಂದು ಗುರುತುಮಾಡಿ, ನೇರವಾಗಿ ‘ಇಲ್ಲ’ ಎನ್ನಲು ಕಲಿಸುತ್ತದೆ. ಕಲಿತದ್ದನ್ನು ಅವನು ಊರಲ್ಲಿ ಪ್ರಯೋಗಿಸಿದರೆ ಕೆಲಸ ಹೋಗುವುದು ಅವನದು, ತರಬೇತಿದಾರನದಲ್ಲ. ಭಡ್ತಿಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಬೀಳುವ ಅಂಕವೂ ಇದೇ ಅಳತೆಗೋಲಿನದು.

ನಮ್ಮವರ ಪಾಲೂ ಇದರಲ್ಲಿದೆ. ತುಳುವಿನ ವಿವರಣಾತ್ಮಕ ವ್ಯಾಕರಣ 1967ರಷ್ಟು ಹಿಂದೆಯೇ ಬಂದಿದೆ. ಕುಶಾಲಪ್ಪ ಗೌಡರಂಥವರು ಗೌಡ ಕನ್ನಡವನ್ನು ವಿವರಿಸಿದ್ದಾರೆ. ಅರೆಭಾಷೆಗೆ 2011ರಿಂದ ಅಕಾಡೆಮಿಯೂ ಇದೆ. ಕನ್ನಡದ ಸಂಬೋಧನಾ ವ್ಯವಸ್ಥೆಯ ಬಗ್ಗೆ ಸೂಸನ್ ಬೀನ್ ಅವರ ಪುಸ್ತಕ 1978ರದು. ಅಲ್ಲಿಂದ ಮುಂದೆ ಕೆಲಸದ ಸ್ಥಳದ ಮಾತಿಗೆ ಕಿವಿಗೊಟ್ಟವರು ತೀರ ವಿರಳ. ಬಂಧುವಾಚಕಗಳ ಪಟ್ಟಿ ಮುಗಿದೊಡನೆ ನಮ್ಮ ಪ್ರಬಂಧಗಳೂ ಮುಗಿಯುತ್ತವೆ. ನಿರ್ವಹಣಾಶಾಸ್ತ್ರದವರು ಪ್ರಶ್ನಾವಳಿ ಹಿಡಿದು ಬಂದಾಗ ಅನುವಾದ ಮಾಡಿಕೊಟ್ಟು, ಕೊನೆಯ ಪುಟದಲ್ಲಿ ಕೃತಜ್ಞತೆ ಪಡೆದು ಸುಮ್ಮನಾಗುತ್ತೇವೆ.

ಅನುವಾದಕ್ಕೆ ಒಪ್ಪಿಕೊಳ್ಳುವ ಮೊದಲು ಪ್ರಶ್ನೆಯ ಪ್ರತಿಯೊಂದು ಮುಖ್ಯ ಪದಕ್ಕೂ ಎದುರುಪದಗಳನ್ನು ಇಟ್ಟು, ಸಂಬಂಧದ ದಿಕ್ಕನ್ನು ತಿರುಗಿಸಿ, ಯಾವುದು ಎಲ್ಲಿ ಸಲ್ಲುತ್ತದೆಂದು ಭಾಷಿಕರನ್ನೇ ಕೇಳುವುದು ಸಾಧ್ಯ. ಇದಕ್ಕೆ ಹೊಸ ಸಿದ್ಧಾಂತ ಬೇಡ, ಒಂದು ವಾರದ ಕೆಲಸ ಸಾಕು. ಡಾಕ್ಟರೇಟಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಆಕರವೊಂದು ಈ ಸೀಮೆಯ ಊರೂರಲ್ಲಿ ಕಾದಿದೆ. ಸಹಕಾರಿ ಸಂಘಗಳ ಮಹಾಸಭೆಯಲ್ಲಿ ಚರ್ಚೆ ತುಳುವಿನಲ್ಲೋ ಅರೆಭಾಷೆಯಲ್ಲೋ ಬಿಸಿಯೇರಿ, ‘ನಮ’ಗಳು ‘ಎಂಕುಲು’ಗಳಾಗಿ, ‘ಈರ್’ ಎಂದವರು ‘ಈ’ಗೆ ಇಳಿದು ಮತ್ತೆ ಏರಿ ಮುಗಿಯುತ್ತದೆ. ನಡಾವಳಿ ಪುಸ್ತಕದಲ್ಲಿ ಅದು ಕಚೇರಿ ಕನ್ನಡದ ಕರ್ಮಣಿ ಪ್ರಯೋಗಕ್ಕೆ ಬರುತ್ತದೆ: ‘ಸಭೆಯಲ್ಲಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು.’ ಚರ್ಚೆಯ ಧ್ವನಿಮುದ್ರಣವನ್ನೂ ಆ ಒಂದು ಸಾಲನ್ನೂ ಅಕ್ಕಪಕ್ಕದಲ್ಲಿಟ್ಟು, ಯಾವ ಮಾತಿನ ಬಳಿಕ ಅಂಗೀಕಾರ ಬಂತೆಂದು ಗುರುತಿಸುವುದರಿಂದ ಕೆಲಸ ಆರಂಭವಾಗಬಹುದು. ಸದಸ್ಯರ ಅನುಮತಿ ಪಡೆದರೆ, ಮುಂದಿನ ಮಹಾಸಭೆಯಿಂದಲೇ.